ಗೋಡೆ ಒಣಗದವಳು

ಹನ್ನೊಂದನೆಯ ಸಲವೂ ಗೋಡೆ ಒಣಗಲಿಲ್ಲ. ಗೋಡೆ ಕಾಯುವ ಮುದ್ದಪ್ಪ ಬಾಯಲ್ಲಿದ್ದ ಎಲೆಅಡಿಕೆಯನ್ನು ಉಗುಳಿ, "ಸಾಕು, ಈಚೆಗೆ ಬಾ" ಅಂದ. ನಾನು ಈಚೆ ಬಂದು ತಿರುಗಿ ನೋಡಿದೆ. ನಾನು ಒರಗಿದ್ದ ಜಾಗವೂ ಅಕ್ಕಪಕ್ಕದ ಜಾಗದಷ್ಟೇ ಒದ್ದೆಯಾಗಿತ್ತು. ಮುದ್ದಪ್ಪ ಆದರೂ ಅಂಗೈಯಿಟ್ಟು ಮೇಲಿನಿಂದ ಕೆಳಗಿನವರೆಗೆ ಸವರಿ ನೋಡಿದ. ಪಾಪ, ಅವನದೇನು ತಪ್ಪು? ಕೈಯನ್ನು ಪಂಚೆಗೆ ಒರೆಸಿಕೊಂಡು, "ಇನ್ನು ಬರಬ್ಯಾಡ ಕಣವ್ವ ಚೆಲುವಿ. ಹಿಂದೆ ನಿಂತೋರು ನನ್ನ ಬೈತಾರೆ" ಅಂದ. ಹಿಂದೆ ನಿಂತವರು ಅವನನ್ನೇನೂ ಬೈಯುತ್ತಿರಲಿಲ್ಲ. ಅವರ ಕಣ್ಣೆಲ್ಲ ನನ್ನ ಮೇಲಿತ್ತು.

ಬಜಾರಿನ ಹಿಂದಿರುವ ಆ ಗೋಡೆಯನ್ನು ಯಾರು ಯಾವ ಕಾಲದಲ್ಲಿ ಕಟ್ಟಿದರೋ ನಮಗೆ ಗೊತ್ತಿಲ್ಲ. ಶಿವರಾತ್ರಿ ಕಳೆದಮೇಲಿನ ಬಿಸಿಲಿನಲ್ಲೂ ಅದು ಬೆವರುತ್ತಲೇ ಇರುತ್ತದೆ. ಮೈಯಲ್ಲಿ ಉರಿ ಸೇರಿಕೊಂಡವರು ಅದಕ್ಕೆ ಒರಗಿದರೆ, ಉರಿ ಎಲ್ಲಿದೆಯೋ ಅಷ್ಟು ಜಾಗ ಮಾತ್ರ ಒಣಗುತ್ತದೆ. ಮೊಣಕಾಲಿನದಾದರೆ ಮೊಣಕಾಲಿನಷ್ಟು, ಹೆಗಲಿನದಾದರೆ ಹೆಗಲಿನಷ್ಟು. ಮುದ್ದಪ್ಪ ಒಂದು ವೀಳ್ಯ ಜಗಿದು ಉಗುಳುವಷ್ಟು ಹೊತ್ತು ಒರಗಿರಬೇಕು. ಸೋಮವಾರ ಹೆಂಗಸರಿಗೆ, ಗುರುವಾರ ಗಂಡಸರಿಗೆ. ಒಣಗಿತೋ, ಅವತ್ತಿನಿಂದಲೇ ಅವರಿಗೆ ಚಾಪೆ. ನಮ್ಮದು ಕತ್ತದ ಹಗ್ಗ ಹೊಸೆಯುವ ಊರು. ಊರಿಗೆಲ್ಲ ಒಂದೇ ದೊಡ್ಡ ಅಂಗಳ, ಅಂಗಳದ ಒಂದು ಕಡೆ ಹುಣಸೆಮರದ ನೆರಳು. ಆ ನೆರಳಿನಲ್ಲಿ ಚಾಪೆ ಹಾಸಿ ಕೂರಿಸುತ್ತಾರೆ. ಅವರು ಕೊಡತಿ ಹಿಡಿದು ನಾರು ಬಡಿಯಬೇಕಾಗಿಲ್ಲ, ಹುರಿ ಹಿಡಿದು ಹಿಂದುಹಿಂದಕ್ಕೆ ನಡೆಯಬೇಕಾಗಿಲ್ಲ. ಬೀದಿಯವರು ಸರದಿಯ ಮೇಲೆ ಗಂಜಿ ತಂದುಕೊಡುತ್ತಾರೆ, ಪಂಡಿತರು ಕರಿ ಗುಳಿಗೆ ಕೊಡುತ್ತಾರೆ. ಒಣಗಲಿಲ್ಲವೋ, ಎದ್ದು ಹೋಗಿ ಕೆಲಸ ನೋಡಿಕೊಳ್ಳಬೇಕು.

ಊರಿಗೆ ಈ ಗೋಡೆಯ ಮೇಲೆ ಬಹಳ ನಂಬಿಕೆ. ಯಾಕೆಂದರೆ ಅದು ಯಾರ ಮುಲಾಜನ್ನೂ ನೋಡುವುದಿಲ್ಲ. ಅಂಗಳದ ಯಜಮಾನರ ಹೆಂಡತಿಯನ್ನೇ ಒಂದು ಸಲ ಹಸಿ ಬೆನ್ನಿನಲ್ಲಿ ವಾಪಸು ಕಳಿಸಿತ್ತು. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ಕಾಫಿ ಮುಗಿಸಿ, ಹುಡುಗಿಯನ್ನು ಒಂದು ಸಲ ಗೋಡೆಗೆ ಒರಗಿಸಿಕೊಂಡೇ ಹೋಗುತ್ತಾರೆ. ಶಾಲೆ ತಪ್ಪಿಸಲು ಕಾಲುನೋವು ಅನ್ನುವ ಮಕ್ಕಳಿಗೆ "ನಡಿ ಗೋಡೆ ತಾವಕ್ಕೆ" ಅಂದರೆ ಸಾಕು, ಚೀಲ ಹೆಗಲಿಗೇರಿಸಿಕೊಂಡು ಓಡುತ್ತವೆ. ಅತ್ತೆಯಂದಿರಿಗಂತೂ ಗೋಡೆ ಇಲ್ಲದ ಊರಿನಲ್ಲಿ ಸೊಸೆಯಂದಿರನ್ನು ಹೇಗೆ ಬಾಳಿಸುತ್ತಾರೋ ಅರ್ಥವೇ ಆಗುವುದಿಲ್ಲ.

ನನ್ನ ನೋವು ಶುರುವಾಗಿ ಏಳು ವರ್ಷವಾಗಿತ್ತು. ಇಂಥ ದಿನ, ಇಂಥ ಕಡೆ ಅಂತ ಬೆರಳಿಟ್ಟು ತೋರಿಸಲು ಬಾರದಂತೆ, ಕಳ್ಳಹೆಜ್ಜೆಯಲ್ಲಿ ಬಂತು. ಮೊದಲು ಕತ್ತು, ಆಮೇಲೆ ಬೆನ್ನು, ಆಮೇಲೆ ತೋಳು, ತೊಡೆ, ಅಂಗಾಲು. ರಾತ್ರಿ ಎಷ್ಟು ಹೊತ್ತು ಮಲಗಿದರೂ ಬೆಳಿಗ್ಗೆ ಯಾರೋ ಬಡಿದು ಎಬ್ಬಿಸಿದ ಹಾಗೆ ಏಳುತ್ತಿದ್ದೆ. ಬಳೆ ಕೈಗೆ ಒತ್ತಿದರೆ ನೋವು, ರವಿಕೆಯ ತೋಳು ಬಿಗಿಯಾದರೆ ನೋವು, ಪ್ರೀತಿಯಿಂದ ಯಾರಾದರೂ ಬೆನ್ನು ತಟ್ಟಿದರೂ ಜೀವ ಹೋದಂತಾಗುತ್ತಿತ್ತು. ಆಡುತ್ತಿದ್ದ ಮಾತು ಅರ್ಧಕ್ಕೇ ಮರೆತುಹೋಗುತ್ತಿತ್ತು. ಇಷ್ಟಾದರೂ ನನ್ನ ಕೈಕಾಲಿನಲ್ಲಿ ಶಕ್ತಿ ಕಮ್ಮಿಯಾಗಿರಲಿಲ್ಲ. ನಾರಿನ ಹೊರೆ ಎತ್ತು ಅಂದರೆ ಎತ್ತುತ್ತಿದ್ದೆ. ನನಗೆ ಮುಳುವಾದದ್ದೇ ಅದು. "ಎತ್ತಕ್ಕಾಯ್ತದೆ, ನೋವಂತೆ" ಅಂತ ಮೂಗು ಮುರಿಯುತ್ತಿದ್ದರು. ಕೆಲವರು ಎದುರಿಗೇ ನನ್ನನ್ನು ಹಸಿಗೋಡೆ ಅನ್ನುತ್ತಿದ್ದರು. ನನ್ನ ಗಂಡ ರಾಚಯ್ಯ ಕೆಟ್ಟವನಲ್ಲ. ಒಂದು ದಿನವೂ ಕೈ ಮಾಡಿದವನಲ್ಲ, ಕೂಗಾಡಿದವನಲ್ಲ. ಮೊದಲ ಐದಾರು ಸಲ ನನ್ನ ಜೊತೆಗೇ ಗೋಡೆಯವರೆಗೆ ಬಂದ. ಆಮೇಲೆ, ಹೇಗಿದೆ ಅಂತ ಕೇಳುವುದನ್ನೇ ಬಿಟ್ಟ. ಬೈದಿದ್ದರೆ ಬೇಕಾಗಿತ್ತು, ಅಳುವುದಕ್ಕಾದರೂ ಒಂದು ನೆಪ ಸಿಗುತ್ತಿತ್ತು.

ಅಂಗಳದಲ್ಲಿ ನನ್ನನ್ನು ಎಲ್ಲರಿಗಿಂತ ಹೆಚ್ಚು ಆಡಿಕೊಂಡವಳು ಹೊಂಬಾಳಕ್ಕ. ಅರವತ್ತು ದಾಟಿದ ವಿಧವೆ, ಮಕ್ಕಳಿಲ್ಲ, ಹುರಿ ಹೊಸೆಯುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಅವಳು ಹೊಸೆದ ಹಗ್ಗವನ್ನು ಕಣ್ಣು ಮುಚ್ಚಿ ಮುಟ್ಟಿಯೇ ಗುರುತಿಸುತ್ತಿದ್ದರು. ಜನ್ಮದಲ್ಲಿ ಒಂದು ಸಲವೂ ಗೋಡೆಯ ಮುಂದೆ ನಿಂತವಳಲ್ಲ. ನಾನು ಸೊಂಟ ಹಿಡಿದುಕೊಂಡರೆ ಸಾಕು, "ಶುರುವಾಯ್ತು ನೋಡ್ರಪ್ಪ ಇವಳ ಬಯಲಾಟ, ಬಣ್ಣ ಒಂದು ಬಳಕಂಡಿಲ್ಲ" ಅನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ನಗದೆ ಇದ್ದರೆ ಅದನ್ನೂ ಆಟವೆಂದೇ ತಿಳಿಯುತ್ತಿದ್ದರು.

ಆ ಹೊಂಬಾಳಕ್ಕ, ಹನ್ನೊಂದನೆಯ ಸಲ ಗೋಡೆ ಒಣಗದೆ ನಾನು ವಾಪಸಾಗಿ ತಿಂಗಳೂ ಕಳೆದಿರಲಿಲ್ಲ, ಒಂದು ಮಧ್ಯಾಹ್ನ ನಮ್ಮ ಮನೆಗೆ ಬಂದಳು. ಹೊಸ್ತಿಲು ದಾಟುವಾಗ ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಒಳಜಗಲಿಯ ಮೇಲೆ ಕೂರಲು ಬಹಳ ಹೊತ್ತು ತೆಗೆದುಕೊಂಡಳು. ಕೂತು, ಸೆರಗಿನಿಂದ ಮುಖ ಒರೆಸಿಕೊಂಡು, "ಚೆಲುವಿ, ನೀನು ಹೇಳ್ತಿದ್ದುದು ದಿಟ ಕಣೆ" ಅಂದಳು.

ಏನು ಅಂತ ನಾನು ಕೇಳಲಿಲ್ಲ. ಕೇಳದೆಯೇ ತಿಳಿಯಿತು.

"ಎಂಟು ದಿನ ಆಯ್ತು. ಹೆಗಲು, ಸೊಂಟ, ತೊಡೆ. ಮಲಗಿದ ಕಡೆಯಿಂದ ಏಳಕ್ಕಾಗಲ್ಲ. ನೀನು ಅನ್ನೋವಾಗ ನಾನು ನಗಾಡ್ತಿದ್ದೆ. ಬಾಯಲ್ಲಿ ಹುಳ ಬೀಳಬೇಕು ನಂಗೆ. ಇಷ್ಟು ನೋವು ಇಟ್ಕಂಡು ಏಳು ವರ್ಸ ಹೆಂಗೆ ಕೊಡತಿ ಎತ್ತಿದ್ಯೇ?"

ನಾನು ಅವಳ ಕಾಲ ಬಳಿ ಕುಸಿದು ಕೂತು ಅತ್ತೆ. ನಾಚಿಕೆ ಬಿಟ್ಟು, ಬಿಕ್ಕಿ ಬಿಕ್ಕಿ ಅತ್ತೆ. ಏಳು ವರ್ಷದಲ್ಲಿ ಒಬ್ಬರು, ಒಬ್ಬರಾದರೂ ಈ ಮಾತು ಆಡಲಿ ಅಂತ ಕಾದಿದ್ದೆ. ಗಂಡ ಆಡಲಿಲ್ಲ, ಹೆತ್ತ ತಾಯಿ ಆಡಲಿಲ್ಲ. ಆಡಿದವಳು ನನ್ನನ್ನು ಅಷ್ಟು ಗೋಳು ಹೊಯ್ದುಕೊಂಡವಳು. ಆ ಗಳಿಗೆಯಲ್ಲಿ ಅವಳು ನನ್ನ ಜೀವ ಕೇಳಿದ್ದರೂ ಕೊಟ್ಟುಬಿಡುತ್ತಿದ್ದೆ. ಅವಳು ಕೇಳಿದ್ದು ಅದಲ್ಲ. "ಸೋಮವಾರ ಗೋಡೆಗೆ ಹೋಗಿಬರ್ಲಾ?" ಅಂತ ಕೇಳಿದಳು.

"ಬ್ಯಾಡ ಅಕ್ಕ" ಅಂದೆ. "ನಿಂದೂ ನಂದೂ ಒಂದೇ. ಒಣಗಲ್ಲ. ಒಣಗದೆ ಹೋದ್ರೆ ನಾಳೆಯಿಂದ ನಿನ್ನೂ ಹಸಿಗೋಡೆ ಅಂತಾರೆ. ಇಷ್ಟು ದಿನದ ಮರ್ಯಾದೆ ಮಣ್ಣು ಪಾಲಾಯ್ತದೆ."

ಹೊಂಬಾಳಕ್ಕನಿಗೆ ಮರ್ಯಾದೆ ಅಂದರೆ ಪ್ರಾಣ. ತಲೆ ಆಡಿಸಿ ಒಪ್ಪಿದಳು. ನಾನು ಆ ಮಾತನ್ನು ಅವಳ ಒಳ್ಳೆಯದಕ್ಕೇ ಹೇಳಿದೆ, ಆ ದಿನದ ಮಟ್ಟಿಗೆ ಅದು ನಿಜ. ಆಮೇಲಿನ ದಿನಗಳ ಬಗ್ಗೆ ಹಾಗೆ ಹೇಳಲು ನನಗೆ ಬಾಯಿಲ್ಲ.

ಅವತ್ತಿನಿಂದ ಐದು ವಾರ ನನ್ನ ಬಾಳಿನಲ್ಲಿ ಸುಖವೆಂಬುದು ಇತ್ತು. ಕೆಲಸ ಮುಗಿಸಿಕೊಂಡು ಸಂಜೆ ಅವಳ ಮನೆಗೆ ಹೋಗುತ್ತಿದ್ದೆ. ಬಾಣಲೆಯಲ್ಲಿ ಉಪ್ಪು ಹುರಿದು, ಬಟ್ಟೆಯಲ್ಲಿ ಕಟ್ಟಿ ಅವಳ ಹೆಗಲಿಗೆ ಶಾಖ ಕೊಡುತ್ತಿದ್ದೆ. ಅವಳು ನನ್ನ ಬೆನ್ನಿಗೆ ಹರಳೆಣ್ಣೆ ಸವರುತ್ತಿದ್ದಳು. ಮೆಲ್ಲಗೆ ಅನ್ನದೆಯೇ ಮೆಲ್ಲಗೆ ಸವರುತ್ತಿದ್ದಳು. ನಾವಿಬ್ಬರೂ ಊರವರನ್ನು ಬಾಯಿತುಂಬ ಬೈದುಕೊಳ್ಳುತ್ತಿದ್ದೆವು. ಚಾಪೆಯ ಮೇಲೆ ಕೂತು ಕೈಕಾಲಿಗೆ ಸೇವೆ ಮಾಡಿಸಿಕೊಳ್ಳುವವರನ್ನು ಒಬ್ಬೊಬ್ಬರನ್ನಾಗಿ ಆಡಿಕೊಂಡು ನಗುತ್ತಿದ್ದೆವು. ಅಂಗಳದಲ್ಲಿ ಅವಳ ಪಾಲಿನ ನಾರನ್ನು ಅರ್ಧ ನಾನೇ ಬಡಿದುಹಾಕುತ್ತಿದ್ದೆ. ನನ್ನ ಮೈ ಸಾಯುತ್ತಿತ್ತು, ಆದರೂ ಮನಸ್ಸು ಹಗುರವಾಗಿತ್ತು. ರಾಚಯ್ಯನೇ ಒಂದು ದಿನ, "ಏನಮ್ಮಿ, ಈಚೀಚೆಗೆ ಹಾಡು ಗುನುಗ್ತೀಯ" ಅಂದ.

ಆದರೆ ಏಳು ವರ್ಷ ನೋವಿನ ಜೊತೆ ಸಂಸಾರ ಮಾಡಿದವಳು ನಾನು. ಪಕ್ಕದಲ್ಲಿ ಕೂತವರ ನೋವು ನನ್ನದೇ ಜಾತಿಯದೋ ಬೇರೆಯೋ ಅನ್ನುವುದು ನನಗೆ ತಿಳಿಯದೆ ಇರುತ್ತದೆಯೇ? ಎರಡನೆಯ ವಾರದಲ್ಲೇ ತಿಳಿಯಿತು. ಅವಳದು ಬೆಳಗಿನ ನೋವು. ಎದ್ದಾಗ ಹೆಗಲು ಮರಗಟ್ಟಿರುತ್ತಿತ್ತು, ತುರುಬು ಕಟ್ಟಲು ಕೈ ತಲೆಯವರೆಗೆ ಏರುತ್ತಿರಲಿಲ್ಲ. ನಾನೇ ಹೋಗಿ ಕಟ್ಟಿ ಬರುತ್ತಿದ್ದೆ. ಬಿಸಿಲೇರಿದ ಹಾಗೆ ಸಡಿಲವಾಗಿ, ಮಧ್ಯಾಹ್ನಕ್ಕೆ ಓಡಾಡುತ್ತಿದ್ದಳು. ನನ್ನದಕ್ಕೆ ಹೊತ್ತುಗೊತ್ತು ಇಲ್ಲ. ಅವಳದು ಹೆಗಲು ಮತ್ತು ಸೊಂಟದ ಸುತ್ತ, ಎರಡೂ ಪಕ್ಕ, ಸಮನಾಗಿ. ನನ್ನದು ಎಲ್ಲಿ ಇಲ್ಲ ಅಂತ ಹುಡುಕಬೇಕು. ಶಾಖ ಕೊಡುವಾಗ ಅವಳ ಮೊಣಕೈ, ಮೀನಖಂಡ, ಬೆನ್ನಿನ ನಡು ಎಲ್ಲ ಒತ್ತಿ ನೋಡಿದ್ದೆ. ಅವಳು ಅಮ್ಮಾ ಅನ್ನಲಿಲ್ಲ. ಅಲ್ಲಿ ಬೆರಳು ತಾಗಿಸಿದರೆ ನಾನು ಎಗರಿಬೀಳುತ್ತೇನೆ. ನನ್ನದು ವರ್ಷಗಟ್ಟಲೆ ತೆವಳಿಕೊಂಡು ಬಂದದ್ದು, ಅವಳದು ಎಂಟು ದಿನದಲ್ಲಿ ಬಂದು ಕೂತದ್ದು. ಅವಳಿಗೆ ಸಂಜೆ ಮೈ ಬೆಚ್ಚಗಾಗುತ್ತಿತ್ತು, ಊಟ ಸೇರುತ್ತಿರಲಿಲ್ಲ, ರವಿಕೆ ದೊಗಳೆಯಾಗುತ್ತಿತ್ತು. ಇದೆಲ್ಲ ನನಗೆ ಕಾಣುತ್ತಿತ್ತು. ಕಂಡದ್ದನ್ನು ನಾನು ಯಾರಿಗೂ ಹೇಳಲಿಲ್ಲ, ಅವಳಿಗಂತೂ ಹೇಳಲೇ ಇಲ್ಲ. ಗೋಡೆ ಒಣಗಿದರೆ ಅವಳು ಚಾಪೆಗೆ ಹೋಗುತ್ತಾಳೆ, ನಾನು ಮತ್ತೆ ಒಬ್ಬಳೇ. ಅಷ್ಟೇ ನನ್ನ ಲೆಕ್ಕಾಚಾರ. ಇದನ್ನು ಬರೆಯುವಾಗಲೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ನಾಲ್ಕನೆಯ ವಾರ ತಲೆ ಬಾಚುವಾಗ "ಮೆತ್ತಗೆ ಕಣೆ, ಕಣತಲೆ ಮುಟ್ಟಕ್ಕಾಗಲ್ಲ" ಅಂದಳು. ಎಲೆಅಡಿಕೆ ಬಿಟ್ಟಳು. ಜಗಿದರೆ ದವಡೆ ಸೋತುಹೋಗುತ್ತದೆ ಅಂದಳು. ನಲವತ್ತು ವರ್ಷದ ಚಟ, ಗಂಡ ಸತ್ತ ದಿನವೂ ಬಿಟ್ಟಿರಲಿಲ್ಲ. ಐದನೆಯ ವಾರದ ಕೊನೆಯಲ್ಲಿ, ಒಂದು ಸಂಜೆ, ಉಪ್ಪಿನ ಗಂಟು ಹಿಡಿದಿದ್ದ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಬೆಳಿಗ್ಗೆ ಎಡಗಣ್ಣಿನ ಮುಂದೆ ಪರದೆ ಬಿಟ್ಟಂಗಾಯ್ತು ಚೆಲುವಿ. ಕತ್ತಲೆ. ಸ್ವಲ್ಪ ಹೊತ್ತು ಬಿಟ್ಟು ಸರಿಹೋಯ್ತು. ಏನದು? ನಿಂಗೂ ಹಂಗೆ ಆಯ್ತದಾ?"

ನನಗೆ ಹಾಗೆ ಒಂದು ದಿನವೂ ಆಗಿರಲಿಲ್ಲ. ಆಗಿಲ್ಲ ಅಂದಿದ್ದರೆ ಅವಳು ಮಾರನೆಯ ದಿನವೇ ನೆಟ್ಟಗೆ ಪಂಡಿತರ ಬಾಗಿಲಿಗೆ ಹೋಗುತ್ತಿದ್ದಳು, ಸೋಮವಾರ ಗೋಡೆಗೂ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ನಂಬಿಕೆಯಿಂದ.

"ಆಯ್ತದೆ ಅಕ್ಕ" ಅಂದೆ. "ನಂಗೂ ಆವಾಗಾವಾಗ ಆಯ್ತದೆ. ಸರಿಹೋಯ್ತದೆ, ಹೆದರ್ಕಬ್ಯಾಡ."

ಅವಳು ನಿಟ್ಟುಸಿರು ಬಿಟ್ಟು ನನ್ನ ಕೈ ಬಿಟ್ಟಳು. ಎರಡು ದಿನ ಬಿಟ್ಟು, ಸೋಮವಾರ ಬೆಳಿಗ್ಗೆ ನಾನು ತುರುಬು ಕಟ್ಟಲು ಹೋದಾಗ ಅವಳು ಬಾಗಿಲಲ್ಲಿ ಕೂತಿದ್ದಳು. ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಎಡಗಣ್ಣನ್ನು ಅಗಲವಾಗಿ ತೆರೆದು, ಬೀದಿಯ ಕಡೆ ಮುಖ ಮಾಡಿದ್ದಳು. "ಈ ಸಲ ಪರದೆ ಏಳ್ತಾನೇ ಇಲ್ಲ ಕಣೆ" ಅಂದಳು. ಕೂಗಲಿಲ್ಲ, ಅಳಲಿಲ್ಲ. ಹುರಿ ತುಂಡಾದರೆ ಎಷ್ಟು ನಿಧಾನವಾಗಿ ಹೇಳುತ್ತಾಳೋ ಅಷ್ಟೇ ನಿಧಾನವಾಗಿ ಹೇಳಿದಳು.

ನಾನೇ ಅವಳನ್ನು ತೋಳಿಗೆ ಒರಗಿಸಿಕೊಂಡು ಗೋಡೆಗೆ ಕರೆದುಕೊಂಡು ಹೋದೆ. ಸಾಲಿನಲ್ಲಿದ್ದವರು ಹೊಂಬಾಳಕ್ಕನನ್ನು ಕಂಡು ದಾರಿ ಬಿಟ್ಟರು. ಅವಳು ಒರಗಿದಳು. ಮುದ್ದಪ್ಪ ವೀಳ್ಯವನ್ನು ಅರ್ಧವೂ ಜಗಿದಿರಲಿಲ್ಲ, ಗೋಡೆ ಒಣಗತೊಡಗಿತು. ಈ ಹೆಗಲಿನಿಂದ ಆ ಹೆಗಲಿನವರೆಗೆ, ಕೆಳಗೆ ಸೊಂಟದ ಎರಡೂ ಪಕ್ಕ, ಮೇಲೆ ಅವಳು ತಲೆ ವಾಲಿಸಿದ್ದ ಕಡೆ ಅಂಗೈ ಅಗಲ. ಸುಣ್ಣ ಸಿಡಿದು ಉದುರಿತು. ಮುದ್ದಪ್ಪ ಎದ್ದು ನಿಂತುಬಿಟ್ಟ. "ಇಷ್ಟು ದಿನ ಯಾಕವ್ವ ಬರಲಿಲ್ಲ? ಯಾರು ತಡೆದ್ರು?" ಅಂದ.

ನಾನು ಅವಳ ಪಕ್ಕದಲ್ಲೇ ಇದ್ದೆ. ಹೊಂಬಾಳಕ್ಕ, "ಯಾರೂ ತಡೀಲಿಲ್ಲ ಕಣಪ್ಪ. ನಾನೇ ಬರಲಿಲ್ಲ" ಅಂದಳು.

ಪಂಡಿತರು ಅವತ್ತೇ ಗುಳಿಗೆ ಶುರುಮಾಡಿದರು. ದಿನಾ ಬೆಳಿಗ್ಗೆ ನಾಲ್ಕು. ಮೂರನೆಯ ದಿನಕ್ಕೆ ಹೊಂಬಾಳಕ್ಕ ತಾನೇ ಎದ್ದು ಕೂತು, ಎರಡೂ ಕೈ ಎತ್ತಿ, ತುರುಬು ಕಟ್ಟಿಕೊಂಡಳು. ನೋಡಿದವರೆಲ್ಲ ಮೂಗಿನ ಮೇಲೆ ಬೆರಳಿಟ್ಟರು. ನೋವು ಕೈಯಲ್ಲಿ ತೆಗೆದು ಹಾಕಿದ ಹಾಗೆ ಹೋಗಿತ್ತು. ಕಣ್ಣು ಮಾತ್ರ ಬರಲಿಲ್ಲ. ಬರುವುದಿಲ್ಲ ಅಂತ ಪಂಡಿತರು ಮೊದಲೇ ಹೇಳಿದ್ದರು. ಹುಣಸೆಮರದ ಕೆಳಗೆ ಅವಳಿಗೆ ಚಾಪೆ ಬಿತ್ತು, ಬೀದಿಯಿಂದ ಗಂಜಿ ಬಂತು. ನಾನು ಬಿಸಿಲಿನಲ್ಲಿ ಕೊಡತಿ ಹಿಡಿದು ನಾರು ಬಡಿಯುತ್ತಾ ಆ ಕಡೆ ನೋಡದಿರಲು ಪ್ರಯತ್ನಿಸುತ್ತಿದ್ದೆ. ಅವಳೇ ಕೂಗಿ ಕರೆಯುತ್ತಿದ್ದಳು. ಪಕ್ಕದಲ್ಲಿ ಕೂರಿಸಿಕೊಂಡು, ಎಲ್ಲರಿಗೂ ಕೇಳುವಂತೆ, "ಇವಳ ನೋವು ನಿಮಗೆ ತಿಳಿಯಲ್ಲ. ನಂಗೆ ತಿಳೀತದೆ" ಅನ್ನುತ್ತಿದ್ದಳು. ಊರಿಗೆ ಅವಳ ಮಾತೆಂದರೆ ಮಾತು. ಹಸಿಗೋಡೆ ಅನ್ನುವುದನ್ನು ಜನ ನಿಲ್ಲಿಸಿದರು. ಅವಳು ಒಂದು ಕಣ್ಣು ಕೊಟ್ಟು ನನಗೆ ಮರ್ಯಾದೆ ತಂದುಕೊಟ್ಟಿದ್ದಳು, ನಾನು ಅದನ್ನು ಬಾಯಿ ಮುಚ್ಚಿಕೊಂಡು ತೆಗೆದುಕೊಂಡೆ.

ಒಂದು ಬೆಳಿಗ್ಗೆ ನನ್ನನ್ನು ಮನೆಗೆ ಕರೆದು ಕೈಗೆ ಎರಡು ಕರಿ ಗುಳಿಗೆ ಹಾಕಿದಳು. "ಪಂಡಿತರು ಜಾಸ್ತೀನೇ ಕೊಟ್ಟವ್ರೆ. ತಿನ್ನು. ದಿನಾ ಬಂದು ಎರಡು ತಿಂದ್ರೆ ಮೂರು ದಿನದಾಗೆ ನಿಂಗೂ ನಿಲ್ತದೆ" ಅಂದಳು.

ನನ್ನದು ಬೇರೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ತಿಂದೆ. ಏಳು ವರ್ಷ ಆ ಗುಳಿಗೆಯನ್ನು ಬೇರೆಯವರ ಅಂಗೈಯಲ್ಲಿ ನೋಡಿದವಳಿಗೆ, ತಿನ್ನದೆ ಇರಲು ಆಗಲಿಲ್ಲ. ಮೂರು ದಿನ ತಿಂದೆ, ಆರು ದಿನ ತಿಂದೆ. ಪ್ರತಿ ಬೆಳಿಗ್ಗೆ ಕಣ್ಣು ಬಿಡುವ ಮೊದಲು ಮೈಯನ್ನು ಒಂದೊಂದು ಕಡೆಯೂ ಮುಟ್ಟಿ ಕೇಳಿದೆ. ಎಲ್ಲ ಕಡೆಯಿಂದಲೂ ಅದೇ ಉತ್ತರ ಬಂತು. ಏಳನೆಯ ದಿನ ಅವಳ ಮನೆಗೆ ಹೋದಾಗ ಹೊಂಬಾಳಕ್ಕ ಮನೆಯ ಗೋಡೆ ಹಿಡಿದುಕೊಂಡು ಏಳುತ್ತಿದ್ದಳು. ತುರುಬು ಕಟ್ಟಿರಲಿಲ್ಲ.

ನಾನು ಏನೂ ಕೇಳದೆ ಪಂಡಿತರ ಮನೆಗೆ ಓಡಿದೆ. ಅವರು ಹಿತ್ತಲಲ್ಲಿ ಕೂತು ಬೇರು ಅರೆಯುತ್ತಿದ್ದರು. ಹೊಂಬಾಳಕ್ಕನಿಗೆ ಮತ್ತೆ ಮೈ ಹಿಡಿದುಕೊಂಡಿದೆ ಅಂದೆ.

"ಹಿಡಿಯೋ ಹಾಗಿಲ್ಲವಲ್ಲ. ನಾಲ್ಕೂ ಗುಳಿಗೆ ನುಂಗುತ್ತಿದ್ದಾಳೋ ಇಲ್ಲವೋ?"

"ನೀವು ಜಾಸ್ತಿ ಕೊಟ್ಟಿಲ್ವಾ?"

"ಜಾಸ್ತಿ ಯಾರಿಗೆ ಕೊಡೋಕಾಗುತ್ತೆ? ಎಣಿಸಿ ಕೊಟ್ಟಿದೀನಿ." ಆಮೇಲೆ ನನ್ನ ಮುಖ ನೋಡಿದರು. ಅರೆಯುವ ಕೈ ನಿಂತಿತು. "ನೀನು ತಿಂತಿದೀಯ."

ಅವರು ಬೈಯಲಿಲ್ಲ. "ನಿನಗೆ ಏನಾದರೂ ಗುಣ ಕಂಡಿತಾ?" ಅಂತ ಕೇಳಿದರು.

"ಇಲ್ಲ."

"ಕಾಣೋದಿಲ್ಲ. ಅವಳದು ಉರಿ ಚೆಲುವಮ್ಮ. ಹೆಗಲು, ಸೊಂಟದ ಸುತ್ತ ಕೂತಿದ್ದು ಕಣತಲೆಯ ನರಕ್ಕೂ ಏರಿ ಕಣ್ಣು ತಿಂದುಬಿಡ್ತು. ಉರಿಗೆ ಈ ಗುಳಿಗೆ ಇದೆ. ನಿನ್ನ ಮೈಯಲ್ಲಿ ಉರಿ ಇಲ್ಲ. ನೋವು ಮಾತ್ರ ಇದೆ. ಅದಕ್ಕೆ ಈ ಗುಳಿಗೆ ಏನೂ ಮಾಡೋದಿಲ್ಲ."

"ನೋವು ಇದೆ ಅಂತೀರಾ?"

"ಇದೆ. ಹಿಂದೊಂದು ಸಲ ನೀನು ಬಂದಾಗ ಮೈ ಒತ್ತಿ ನೋಡಿದೆನಲ್ಲ, ಆವತ್ತೇ ಗೊತ್ತಾಯಿತು. ನೋವು ಹೇಳೋ ನರಗಳೇ ಹದ ತಪ್ಪಿ, ಇಷ್ಟನ್ನ ಅಷ್ಟು ಮಾಡಿ ಹೇಳ್ತವೆ. ಸುಳ್ಳಲ್ಲ ಅದು. ನಿನ್ನಂಥವರು ಈ ಊರಲ್ಲಿ ಮೂವತ್ತು ಜನರಾದರೂ ಇದ್ದಾರೆ."

"ಹಂಗಾದ್ರೆ ಊರ ಮುಂದೆ ಈ ಮಾತು ಹೇಳಿ ಪಂಡಿತರೇ."

ಅವರು ತಲೆ ತಗ್ಗಿಸಿದರು. "ಹೇಳಿದರೆ ನಾಳೆ ಇಡೀ ಊರು ನನ್ನ ಬಾಗಿಲಿಗೆ ಬಂದು ನೋವು ಅನ್ನುತ್ತೆ. ಯಾರದು ಹೌದು, ಯಾರದು ಅಲ್ಲ ಅಂತ ಹೇಗೆ ಹೇಳಲಿ? ಗೋಡೆ ಬಿಟ್ಟರೆ ನನಗೂ ಬೇರೆ ಗತಿ ಇಲ್ಲ ಕಣಮ್ಮ. ದಿನಾ ಒಂದಿಷ್ಟು ನಡೆದಾಡು. ಹೊತ್ತಿಗೆ ಸರಿಯಾಗಿ ಮಲಗು. ನಿಧಾನಕ್ಕೆ ಸ್ವಲ್ಪ ಕಮ್ಮಿ ಆದೀತು." ನಾನು ಎದ್ದಾಗ ಹಿಂದಿನಿಂದ ಕೂಗಿ ಹೇಳಿದರು: "ಇವತ್ತಿಂದ ನಾಲ್ಕೂ ಅವಳ ಹೊಟ್ಟೆಗೆ ಹೋಗಬೇಕು, ತಿಂಗಳುಗಟ್ಟಲೆ. ಇನ್ನು ಎರಡು ದಿನ ತಪ್ಪಿದರೂ ಉಳಿದ ಆ ಒಂದು ಕಣ್ಣನ್ನ ನಾನು ಉಳಿಸಲಾರೆ."

ಏಳು ವರ್ಷ ಕಾದದ್ದಕ್ಕೆ ನನಗೆ ಸಿಕ್ಕಿದ್ದು ಇದು: ಒಬ್ಬ ಮನುಷ್ಯ, ಅವನ ಹಿತ್ತಲಲ್ಲಿ, ಯಾರಿಗೂ ಕೇಳದ ಹಾಗೆ, ಹೌದು ಅಂದ. ಅದನ್ನು ಅನುಭವಿಸಲೂ ನನಗೆ ಪುರುಸೊತ್ತು ಇರಲಿಲ್ಲ.

ಹೊಂಬಾಳಕ್ಕ ಒಳಗೆ ಮಣೆಯ ಮೇಲೆ ಕೂತಿದ್ದಳು. ಎರಡು ಗುಳಿಗೆ ಅವಳ ಮುಂದೆ ತಟ್ಟೆಯಲ್ಲಿದ್ದವು, ನನ್ನ ಪಾಲಿನ ಎರಡನ್ನು ಎಲೆಯ ಚೂರಿನಲ್ಲಿ ಬೇರೆಯಾಗಿ ಇಟ್ಟಿದ್ದಳು. ನಾನು ಆ ಎರಡನ್ನೂ ಅವಳ ತಟ್ಟೆಗೆ ಹಾಕಿ, ನೀರಿನ ಚೊಂಬು ತಂದಿಟ್ಟೆ.

"ನಾಲ್ಕೂ ನುಂಗು ಅಕ್ಕ. ಪಂಡಿತರು ಎಲ್ಲಾ ಹೇಳಿದ್ರು. ಇಲ್ದಿದ್ರೆ ಇನ್ನೊಂದು ಕಣ್ಣೂ ಹೋಯ್ತದಂತೆ."

"ನಿಂದು?"

"ನಂದು ಬ್ಯಾರೆ ಅಂತೆ. ಉರಿ ಅಲ್ವಂತೆ. ಈ ಗುಳಿಗೆ ನಂಗೆ ಹಿಡಿಯಲ್ಲ."

ಅವಳು ನಕ್ಕಳು. "ಪಂಡಿತರು ಅನ್ನದೆ ಇನ್ನೇನಂದಾರು? ಗೋಡೆ ಒಣಗಲಿಲ್ಲ ಅಂದ್ಮೇಲೆ ಅವರಿಗೂ ನೀನು ಲೆಕ್ಕಕ್ಕಿಲ್ಲ. ನೀನು ಸುಮ್ಕಿರು. ನಾನು ಒಬ್ಬಳೇ ಸುಖವಾಗಿ ಕೂತ್ಕಂಡು, ನೀನು ಬಿಸಿಲಾಗೆ ನರಳೋದ ನೋಡಕ್ಕೆ ನನ್ ಕೈಲಾಗಲ್ಲ. ನಿಂಗೂ ಕಣ್ಣಿಗೆ ಪರದೆ ಬರ್ತದೆ ಅಂದಿದ್ಯಲ್ಲ. ನಿನ್ ಕಣ್ಣು ಹೋದ್ರೆ ಏನು ಮಾಡ್ತೀಯ? ನಿಂದಿನ್ನೂ ಬಾಳೋ ವಯಸ್ಸು. ನಂಗೆ ಒಂದು ಕಣ್ಣು ಹೆಚ್ಚೋ ಕಮ್ಮಿಯೋ, ನಡೀತದೆ."

ಎರಡು ಗುಳಿಗೆಯನ್ನು ಮತ್ತೆ ಎಲೆಯ ಚೂರಿಗೆ ಹಾಕಿದಳು. ತೋಳು ಅಲ್ಲಿಯವರೆಗೆ ಚಾಚಲು ಅವಳು ಪಟ್ಟ ಕಷ್ಟವನ್ನು ನಾನು ನೋಡಿದೆ.

"ಪರದೆ ಬರ್ತದೆ ಅಂದಿದ್ದು ಸುಳ್ಳು ಅಕ್ಕ" ಅಂದೆ. "ನಂಗೆ ಒಂದು ದಿನವೂ ಬಂದಿಲ್ಲ."

ಅವಳು ನನ್ನ ಕಡೆ ತಿರುಗಿದಳು. ಈಗ ಏನನ್ನಾದರೂ ನೋಡಬೇಕಾದರೆ ಇಡೀ ಮುಖವನ್ನೇ ತಿರುಗಿಸಬೇಕಾಗಿತ್ತು. "ಯಾಕೆ ಹಂಗಂದೆ ಮತ್ತೆ?"

ಯಾಕೆ ಅನ್ನುವುದನ್ನು ಹೇಳಬಹುದಿತ್ತು. ನೀನು ಗೋಡೆಗೆ ಹೋಗದಿರಲಿ ಅಂತ, ನನ್ನ ಜೊತೆಗೇ ಇರಲಿ ಅಂತ. ಹೇಳಿದರೆ ಅವಳು ಅಳುತ್ತಿದ್ದಳು, ಬೈಯುತ್ತಿದ್ದಳು, ಕಡೆಗೆ ಕ್ಷಮಿಸುತ್ತಿದ್ದಳು. ನಾನು ಅವಳನ್ನು ಬಲ್ಲೆ. ಇಷ್ಟು ನೋವಿನಲ್ಲಿ ಒಬ್ಬಳೇ ಇದ್ದೆಯಲ್ಲ ಅಂತ ನನ್ನ ತಲೆ ಸವರಿ, ಆ ಎರಡು ಗುಳಿಗೆಯನ್ನು ಮತ್ತೆ ನನ್ನ ಕೈಗೇ ಹಾಕುತ್ತಿದ್ದಳು. ನನಗೆ ನೋವಿದೆ ಅಂತ ಅವಳು ನಂಬಿರುವ ತನಕ ಆ ನಾಲ್ಕು ಗುಳಿಗೆ ಅವಳ ಹೊಟ್ಟೆಗೆ ಹೋಗುವುದಿಲ್ಲ. ಈ ಊರಿನಲ್ಲಿ, ಎಲ್ಲರ ಎದುರಿಗೆ, ಅದನ್ನು ನಂಬಿದವಳು ಅವಳೊಬ್ಬಳೇ.

"ಯಾಕೆ ಹಂಗಂದೆ ಅಂತ ಕೇಳಿದೆ" ಅಂದಳು.

"ನೋವೂ ಸುಳ್ಳು ಅಕ್ಕ" ಅಂದೆ. "ಕೆಲಸ ತಪ್ಪಿಸ್ಕಳಕ್ಕೆ ಶುರು ಮಾಡಿದ್ದು. ಆಮೇಲೆ ಬಿಡಕ್ಕಾಗಲಿಲ್ಲ. ಗೋಡೆ ಸರಿಯಾಗೇ ಹೇಳಿತ್ತು. ನಂಗೆ ಏನೂ ಇಲ್ಲ."

ಹೊರಗೆ ಯಾರೋ ನಾರಿನ ಗಾಡಿ ಹೊಡೆದುಕೊಂಡು ಹೋದರು. ಅದು ಬೀದಿಯ ಕೊನೆ ಮುಟ್ಟುವವರೆಗೆ ಹೊಂಬಾಳಕ್ಕ ನನ್ನ ಮುಖವನ್ನೇ ನೋಡಿದಳು. ಅವಳ ಮುಖದಿಂದ ಮೊದಲು ಮರುಕ ಹೋಯಿತು, ಆಮೇಲೆ ಇನ್ನೂ ಏನೇನೋ ಹೋಯಿತು. ನಾನು ನೋಡುತ್ತಾ ಕೂತಿದ್ದೆ.

"ಏಳು ವರ್ಸ?"

"ಹೂಂ."

"ನನ್ನ ತಲೆ ಬಾಚುವಾಗ, ಬೆನ್ನಿಗೆ ಎಣ್ಣೆ ಹಚ್ಚಿಸ್ಕಳುವಾಗ?"

"ಹೂಂ ಅಕ್ಕ."

"ಅಕ್ಕ ಅನ್ನಬ್ಯಾಡ" ಅಂದಳು.

ಎಲೆಯ ಚೂರಿನಿಂದ ಎರಡು, ತಟ್ಟೆಯಿಂದ ಎರಡು, ನಾಲ್ಕೂ ಗುಳಿಗೆಯನ್ನು ಒಟ್ಟಿಗೆ ಅಂಗೈಗೆ ತೆಗೆದುಕೊಂಡು ಬಾಯಿಗೆ ಹಾಕಿಕೊಂಡಳು. ಚೊಂಬಿನ ನೀರು ಕುಡಿದಳು. ಗಂಟಲು ಒಂದು ಸಲ ಏರಿ ಇಳಿಯಿತು. ಅದನ್ನು ನೋಡಿದಮೇಲೆ ನಾನು ಏಳಬಹುದಾಗಿತ್ತು. ಆದರೆ ಅಷ್ಟು ಹೊತ್ತು ಕಾಲು ಮಡಿಸಿ ಕೂತಿದ್ದರಿಂದ ಸೊಂಟದಿಂದ ಪಾದದವರೆಗೆ ನೋವು ಹಿಡಿದಿತ್ತು. ನೆಲಕ್ಕೆ ಕೈ ಊರಬೇಕು ಅನ್ನಿಸಿತು, ಊರಲಿಲ್ಲ. ಅಮ್ಮಾ ಅನ್ನಬೇಕು ಅನ್ನಿಸಿತು, ಹಲ್ಲು ಕಚ್ಚಿಕೊಂಡೆ. ಏನೂ ಇಲ್ಲದ ಹೆಂಗಸು ಹೇಗೆ ಏಳುತ್ತಾಳೋ ಹಾಗೆ ಒಂದೇ ಸಲಕ್ಕೆ ಎದ್ದು, ಬೆನ್ನು ನೆಟ್ಟಗೆ ಮಾಡಿಕೊಂಡು ಬಾಗಿಲವರೆಗೆ ನಡೆದೆ. ಅವಳು ಮುಖ ತಿರುಗಿಸಿ, ಉಳಿದ ಒಂದು ಕಣ್ಣಿನಿಂದ ನನ್ನ ನಡಿಗೆಯನ್ನೇ ನೋಡುತ್ತಿದ್ದಳು.